ಮೆಣಸಿನಕಾಯಿಯಲ್ಲಿ ನಿಧಿ ಕಂಡ ವಿಜ್ಞಾನಿ

ಬದನೆಕಾಯಿಯನ್ನಾಗಲಿ ಬಾಳೆಕಾಯಿಯನ್ನಾಗಲಿ ಹೆಚ್ಚಿದ ಕೂಡಲೆ ನೀರಿನಲ್ಲಿ ಹಾಕಿಡುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಹಾಗೆ ಮಾಡದಿದ್ದರೆ ಹೋಳುಗಳು ನೋಡನೋಡುತ್ತಿದ್ದಂತೆ ಕಪ್ಪಾಗುತ್ತವೆ. ಆದರೆ ನಿಂಬೆಯ ಹೋಳನ್ನು ಅಷ್ಟೇ ಹೊತ್ತು ಗಾಳಿಗೆ ಬಿಟ್ಟರೂ ಅದು ಹಾಗೆ ಬಣ್ಣಗೆಡುವುದಿಲ್ಲ. ಅದೇ ಗಾಳಿ, ಅದೇ ಚಾಕು. ಆದರೂ ಒಂದು ಕಪ್ಪಾಗುತ್ತದೆ, ಇನ್ನೊಂದು ಕಪ್ಪಾಗುವುದಿಲ್ಲ. ಎಲ್ಲರ ಕಣ್ಣಿಗೂ ದಿನವೂ ಬೀಳುವ ಸಂಗತಿಯಿದು. ಇದು ಏಕೆ ಹೀಗೆ ಎಂದು ಹಟ ಹಿಡಿದು ಕೇಳಿ, ಉತ್ತರವನ್ನು ಅರಸುತ್ತ ದೇಶದಿಂದ ದೇಶಕ್ಕೆ ಅಲೆದು, ಕೊನೆಗೆ ಮಾನವಕುಲಕ್ಕೆ ಸಿ ಜೀವಸತ್ವದ ನಿಜರೂಪವನ್ನು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಹಂಗೆರಿ ದೇಶದ ಆಲ್ಬರ್ಟ್ ಸೆಂಟ್ ಜ್ಯೋರ್ಜಿ.

ಸೆಂಟ್ ಜ್ಯೋರ್ಜಿಯವರು 1893ನೆಯ ಇಸವಿ ಸೆಪ್ಟೆಂಬರ್ 16ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ತಂದೆ ಜಮೀನುದಾರರು. ತಾಯಿಯ ಮನೆತನ ವಿದ್ವಾಂಸರಿಗೆ ಹೆಸರಾದದ್ದು. ಸೋದರಮಾವ ಮಿಹಾಯ್ ಲೆನ್‌ಹೊಷೇಕರು ಅಂಗರಚನಾಶಾಸ್ತ್ರದಲ್ಲಿ ಖ್ಯಾತಿವೆತ್ತ ಪ್ರಾಧ್ಯಾಪಕರು. ಇಂತಹ ಮನೆತನದಲ್ಲಿ ಬೆಳೆದರೂ ಬಾಲಕ ಆಲ್ಬರ್ಟ್ ಓದಿನಲ್ಲಿ ಹಿಂದುಳಿದಿದ್ದ. ಈ ಹುಡುಗನಿಂದ ವಿಜ್ಞಾನ ಸಾಧ್ಯವಿಲ್ಲವೆಂದೇ ಸೋದರಮಾವ ತೀರ್ಮಾನಿಸಿದ್ದರು. ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ಅವನಲ್ಲಿ ಓದಿನ ಹಸಿವು ಇದ್ದಕ್ಕಿದ್ದಂತೆ ಎಚ್ಚೆತ್ತಿತು. ತರಗತಿಯಲ್ಲಿ ಮುಂದೆ ಬಂದು, 1911ರಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದ.

ಶಿಕ್ಷಣ ಮುಗಿಯುವ ಮೊದಲೇ 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ತರುಣ ಆಲ್ಬರ್ಟ್ ಸೈನ್ಯದ ವೈದ್ಯದಳದಲ್ಲಿ ದುಡಿದು ಶೌರ್ಯಪದಕವನ್ನೂ ಪಡೆದರು. ಆದರೆ ಕಣ್ಣೆದುರಿಗೆ ಅರ್ಥವಿಲ್ಲದೆ ಉರುಳುತ್ತಿದ್ದ ಪ್ರಾಣಗಳನ್ನು ಕಂಡು ಅವರ ಮನಸ್ಸು ರೋಸಿಹೋಯಿತು. ಸೋತ ಯುದ್ಧದಲ್ಲಿ ವ್ಯರ್ಥವಾಗಿ ಸಾಯುವುದಕ್ಕಿಂತ ಬದುಕಿ ನಾಲ್ಕು ಜನಕ್ಕೆ ನೆರವಾಗುವುದು ಮೇಲೆಂದು ಅವರಿಗೆ ತೋರಿತು. 1916ರಲ್ಲಿ ಅವರು ತಮ್ಮ ತೋಳಿನ ಮೂಳೆಗೆ ತಾವೇ ಗುಂಡು ಹೊಡೆದುಕೊಂಡು, ಅದು ಶತ್ರುವಿನ ಗುಂಡೆಂದು ಹೇಳಿದರು. ಗಾಯಾಳುವಾಗಿ ಬುಡಾಪೆಸ್ಟಿಗೆ ಮರಳಿ 1917ರಲ್ಲಿ ವೈದ್ಯಪದವಿಯನ್ನು ಪಡೆದರು. ಈ ಕೃತ್ಯವನ್ನು ಅವರು ಮುಂದೆ ಎಂದೂ ಮುಚ್ಚಿಡಲಿಲ್ಲ. ಅದು ಸರಿಯೋ ತಪ್ಪೋ ಎಂಬ ವಿಚಾರ ಹೇಗೇ ಇರಲಿ, ಹೀಗೆ ಉಳಿದ ಪ್ರಾಣವನ್ನು ಸಾರ್ಥಕಪಡಿಸುವ ಹೊಣೆ ತಮ್ಮ ಮೇಲಿದೆಯೆಂಬ ಅರಿವು ಅವರನ್ನು ಕೊನೆಯವರೆಗೂ ದುಡಿಸಿತು.

ಯುದ್ಧ ಮುಗಿದಾಗ ಹಂಗೆರಿ ದೇಶ ಛಿದ್ರವಾಗಿತ್ತು. ಮನೆಯ ಆಸ್ತಿಯೂ ಕರಗಿತ್ತು. ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಸೆಂಟ್ ಜ್ಯೋರ್ಜಿಯವರು ಪ್ರಾಗ್, ಬರ್ಲಿನ್, ಹ್ಯಾಂಬರ್ಗ್, ಲೈಡನ್ ನಗರಗಳಲ್ಲಿ ಅಲೆದು, 1922ರಲ್ಲಿ ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಸಣ್ಣ ಹುದ್ದೆ ಹಿಡಿದರು. ಹಗಲು ವಿದ್ಯಾರ್ಥಿಗಳಿಗೆ ಪಾಠ, ರಾತ್ರಿ ತಮ್ಮದೇ ಸಂಶೋಧನೆ. ಜೀವಿಗಳು ಉಸಿರಾಡುವಾಗ ಆಮ್ಲಜನಕವು ಆಹಾರವನ್ನು ಒಳಗೊಳಗೇ ಹೇಗೆ ಉರಿಸುತ್ತದೆ ಎಂಬುದು ಆ ಕಾಲದ ದೊಡ್ಡ ಪ್ರಶ್ನೆ. ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಲು ಅವರು ಆರಿಸಿಕೊಂಡದ್ದು ಅತಿ ಸಾಮಾನ್ಯವಾದ ವಸ್ತುಗಳನ್ನು: ಆಲೂಗಡ್ಡೆ, ಸೇಬು, ಬಾಳೆಹಣ್ಣು, ನಿಂಬೆಹಣ್ಣು.

ಕತ್ತರಿಸಿದ ಆಲೂಗಡ್ಡೆ ಕಪ್ಪಾಗುವುದೇಕೆ? ಸಸ್ಯದ ಜೀವಕೋಶವು ಒಂದು ಅಚ್ಚುಕಟ್ಟಾದ ಮನೆಯಂತೆ. ಅದರ ಒಂದು ಕೋಣೆಯಲ್ಲಿ ಫೀನಾಲ್ ಎಂಬ ಜಾತಿಯ ವಸ್ತುಗಳಿರುತ್ತವೆ. ಬೇರೊಂದು ಕೋಣೆಯಲ್ಲಿ ಅವುಗಳ ಮೇಲೆ ಕೆಲಸ ಮಾಡುವ ಕಿಣ್ವವಿರುತ್ತದೆ. ನಡುವೆ ಗೋಡೆಯಿರುವವರೆಗೆ ಎಲ್ಲವೂ ಶಾಂತ. ಚಾಕುವಿನ ಅಲಗು ಗೋಡೆಗಳನ್ನು ಸೀಳಿದಾಗ ಎರಡೂ ಬೆರೆಯುತ್ತವೆ, ಹೊರಗಿನ ಆಮ್ಲಜನಕ ಒಳನುಗ್ಗುತ್ತದೆ. ಆಗ ನಡೆಯುವ ಉತ್ಕರ್ಷಣ ಕ್ರಿಯೆಯಿಂದ ಕಂದುಬಣ್ಣದ ವಸ್ತು ಹುಟ್ಟುತ್ತದೆ. ಹೆಚ್ಚಿದ ಹೋಳನ್ನು ನೀರಿಗೆ ಹಾಕುವ ಗೃಹಿಣಿ, ತಾನರಿಯದೆಯೇ, ಈ ಆಮ್ಲಜನಕಕ್ಕೆ ತಡೆಯೊಡ್ಡುತ್ತಾಳೆ.

ಕಪ್ಪಾಗದ ಹಣ್ಣುಗಳಲ್ಲಿ ಬೇರೊಂದು ಬಗೆಯ ಕಿಣ್ವ ಕೆಲಸ ಮಾಡುತ್ತಿತ್ತು. ಅದನ್ನು ಗುರುತಿಸುವ ಪರೀಕ್ಷೆ ಸುಲಭವಾದದ್ದು. ಶುದ್ಧ ಕಿಣ್ವಕ್ಕೆ ತಕ್ಕ ರಾಸಾಯನಿಕಗಳನ್ನು ಬೆರೆಸಿದೊಡನೆ ಕಡುನೀಲಿ ಬಣ್ಣ ಮೂಡುತ್ತಿತ್ತು. ಶುದ್ಧ ಕಿಣ್ವದ ಬದಲು ಹಣ್ಣಿನ ರಸವನ್ನೇ ಬಳಸಿದಾಗಲೂ ನೀಲಿ ಬಣ್ಣ ಬಂದಿತು, ಆದರೆ ಸುಮಾರು ಒಂದು ಸೆಕೆಂಡು ತಡವಾಗಿ. ಬೇರೆಯವರಾಗಿದ್ದರೆ ಈ ಒಂದು ಸೆಕೆಂಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಸೆಂಟ್ ಜ್ಯೋರ್ಜಿಯವರ ಪಾಲಿಗೆ ಅದೇ ಬಾಗಿಲಾಯಿತು. ರಸದಲ್ಲಿ ಯಾವುದೋ ಒಂದು ವಸ್ತುವಿದೆ. ಉತ್ಕರ್ಷಣದ ಹೊಡೆತವನ್ನು ಅದು ತನ್ನ ಮೇಲೆ ಎಳೆದುಕೊಳ್ಳುತ್ತಿದೆ. ಅದು ತೀರಿಹೋದ ಮೇಲಷ್ಟೇ ಬಣ್ಣ ಮೂಡುತ್ತಿದೆ ಎಂದು ಅವರು ಊಹಿಸಿದರು. ಇಂತಹ ಕಾವಲುಗಾರ ವಸ್ತುಗಳನ್ನು ಇಂದು ಉತ್ಕರ್ಷಣ ನಿರೋಧಕಗಳೆಂದು ಕರೆಯುತ್ತಾರೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಕೆಟ್ಟರೆ ಮನುಷ್ಯರ ಚರ್ಮ ಕಂದುಬಣ್ಣಕ್ಕೆ ತಿರುಗುತ್ತದೆ. ಹಣ್ಣು ಕಂದಾಗುವುದಕ್ಕೂ ಇದಕ್ಕೂ ನಂಟಿರಬಹುದೆಂದು ಅವರಿಗೆ ತೋರಿತು. ಆ ಹೋಲಿಕೆ ಸರಿಯಲ್ಲವೆಂದು ಮುಂದೆ ತಿಳಿದುಬಂದರೂ, ಗ್ರಂಥಿಗಳನ್ನು ಪರೀಕ್ಷಿಸಿದಾಗ ಅದೇ ಗುಣದ ವಸ್ತು ಅಲ್ಲಿಯೂ ಸಿಕ್ಕಿತು. ತಪ್ಪು ದಾರಿ ಸರಿಯಾದ ಊರಿಗೆ ಮುಟ್ಟಿಸಿತ್ತು.

ಆದರೆ ಅಷ್ಟರಲ್ಲಿ ಬದುಕು ಕೈಕೊಟ್ಟಿತು. ಗ್ರೋನಿಂಗೆನ್ನಿನಲ್ಲಿ ಅವರಿಗೆ ಆಶ್ರಯವಿತ್ತಿದ್ದ ಪ್ರಾಧ್ಯಾಪಕರು 1924ರಲ್ಲಿ ತೀರಿಕೊಂಡರು. ಅವರ ನಂತರ ಬಂದವರಿಗೆ ಈ ಕೆಲಸದಲ್ಲಿ ಆಸಕ್ತಿಯಿರಲಿಲ್ಲ. 1926ರಲ್ಲಿ ಹೆಂಡತಿಯನ್ನೂ ಮಗಳನ್ನೂ ತಾಯ್ನಾಡಿಗೆ ಕಳುಹಿಸಿ, ಭರವಸೆಯನ್ನೆಲ್ಲ ಕಳೆದುಕೊಂಡು, ವಿಜ್ಞಾನಲೋಕಕ್ಕೆ ವಿದಾಯ ಹೇಳುವಂತೆ ಅವರು ಸ್ಟಾಕ್‌ಹೋಮ್ ನಗರದಲ್ಲಿ ನಡೆಯುತ್ತಿದ್ದ ಶರೀರಕ್ರಿಯಾ ವಿಜ್ಞಾನಿಗಳ ಸಮ್ಮೇಳನಕ್ಕೆ ಹೋದರು. ಅಲ್ಲಿ ಕೇಂಬ್ರಿಡ್ಜಿನ ಹಿರಿಯ ವಿಜ್ಞಾನಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸರು ತಮ್ಮ ಭಾಷಣದಲ್ಲಿ, ಯಾರಿಗೂ ಪರಿಚಯವಿಲ್ಲದ ಈ ಹಂಗೆರಿಯ ತರುಣನ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ಆದರದಿಂದ ಹೇಳಿದರು. ಸಭೆಯಲ್ಲಿ ಕುಳಿತು ಅದನ್ನು ಕೇಳಿದವರಿಗೆ ಹೋದ ಜೀವ ಬಂದಂತಾಯಿತು. ಅವರು ಧೈರ್ಯ ತಂದುಕೊಂಡು ಹಾಪ್ಕಿನ್ಸರನ್ನು ಕಂಡರು. ಹಾಪ್ಕಿನ್ಸರು ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡರು. ಹಿರಿಯರೊಬ್ಬರ ಸಕಾಲಿಕ ಮೆಚ್ಚುಗೆ ಒಂದು ಬಾಳನ್ನು ಉಳಿಸಿತು.

ಕೇಂಬ್ರಿಡ್ಜಿನಲ್ಲಿ ಸೆಂಟ್ ಜ್ಯೋರ್ಜಿಯವರು ಅಡ್ರೀನಲ್ ಗ್ರಂಥಿಗಳಿಂದಲೂ ಕಿತ್ತಳೆ ಮತ್ತು ಎಲೆಕೋಸುಗಳಿಂದಲೂ ಆ ವಸ್ತುವನ್ನು ಬಿಳಿಯ ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದು ಸಕ್ಕರೆಗಳಿಗೆ ನಂಟುಳ್ಳ ವಸ್ತು ಎಂಬುದು ತಿಳಿದಿತ್ತು, ಯಾವುದೆಂದು ತಿಳಿದಿರಲಿಲ್ಲ. ತಮಾಷೆಯ ಸ್ವಭಾವದ ಅವರು, ತಿಳಿಯದ ಸಕ್ಕರೆ ಎಂಬರ್ಥ ಬರುವಂತೆ ಅದಕ್ಕೆ ಇಗ್ನೋಸ್ ಎಂದು ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ದೇವರೇ ಬಲ್ಲ ಎಂಬ ಧ್ವನಿಯ ಗಾಡ್‌ನೋಸ್ ಎಂಬ ಇನ್ನೊಂದು ಹೆಸರನ್ನು ಸೂಚಿಸಿದಾಗ ಸಂಪಾದಕರು ಮತ್ತಷ್ಟು ಬಿಗಿಯಾದರು. ಕೊನೆಗೆ, ಆರು ಇಂಗಾಲದ ಪರಮಾಣುಗಳುಳ್ಳ ಆಮ್ಲವೆಂಬ ಕಾರಣದಿಂದ ಹೆಕ್ಸುರೋನಿಕ್ ಆಮ್ಲ ಎಂಬ ಗಂಭೀರ ಹೆಸರು 1928ರಲ್ಲಿ ಅಚ್ಚಾಯಿತು.

ಅದರ ರಚನೆಯನ್ನು ತಿಳಿಯಲು ಹೆಚ್ಚು ಹರಳುಗಳು ಬೇಕಾಗಿದ್ದವು. ಅದಕ್ಕಾಗಿ ಅವರು ಅಮೆರಿಕಕ್ಕೆ ತೆರಳಿ, ಅಲ್ಲಿನ ಕಸಾಯಿಖಾನೆಗಳಿಂದ ತರಿಸಿದ ಗ್ರಂಥಿಗಳನ್ನು ಶೋಧಿಸುತ್ತ ಸುಮಾರು ಒಂದು ವರ್ಷ ದುಡಿದರು. ಆ ಶ್ರಮಕ್ಕೆಲ್ಲ ಸಿಕ್ಕ ಫಲ ಸುಮಾರು 25 ಗ್ರಾಂ ಹರಳು. ಅದರಲ್ಲಿ ಅರ್ಧವನ್ನು ಅವರು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ನಾರ್ಮನ್ ಹಾವರ್ತರಿಗೆ ಕೊಟ್ಟುಬಿಟ್ಟರು. ಅದೂ ಸಾಲದೆ ಹೋಯಿತು.

ಈ ನಡುವೆ, ಇದೇ ವಸ್ತು ಸಿ ಜೀವಸತ್ವವಾಗಿರಬಹುದೇ ಎಂಬ ಸಂಶಯ ಅವರಲ್ಲಿ ಸುಳಿದಾಡುತ್ತಿತ್ತು. ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗ ನಾವಿಕರ ಪಾಲಿಗೆ ಮೃತ್ಯುವಾಗಿದ್ದಿತು. ಒಸಡುಗಳಿಂದ ರಕ್ತ ಸೋರಿ, ಹಲ್ಲುಗಳು ಸಡಿಲಾಗಿ, ಹಳೆಯ ಗಾಯಗಳು ಮತ್ತೆ ಬಾಯ್ತೆರೆದು ನಾವಿಕರು ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪಥ್ಯ ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗನೆ ಚೇತರಿಸಿಕೊಂಡರು. ಆದರೆ ದೂರಯಾನದಲ್ಲಿ ಕೆಡದಿರಲೆಂದು ಲಿಂಡರು ರಸವನ್ನು ಕಾಯಿಸಿ ಗಟ್ಟಿಮಾಡಿ ಇಡುವ ವಿಧಾನವನ್ನು ಸೂಚಿಸಿದಾಗ, ಬಿಸಿಗೆ ಆ ಗುಣವೇ ಬಹುಮಟ್ಟಿಗೆ ನಾಶವಾಗಿಹೋಯಿತು. ಹಣ್ಣಿನ ಒಳಗೆ ಭದ್ರವಾಗಿದ್ದದ್ದು, ಹೊರಗೆ ತೆಗೆದೊಡನೆ ಗಾಳಿಗೂ ಬಿಸಿಗೂ ಬಲಿಯಾಗುತ್ತಿತ್ತು.

1931ರ ವೇಳೆಗೆ ಸೆಂಟ್ ಜ್ಯೋರ್ಜಿಯವರು ತಾಯ್ನಾಡಿಗೆ ಮರಳಿ ಸೆಗೆಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಜೀವಸತ್ವಗಳ ಪರೀಕ್ಷೆಯಲ್ಲಿ ಪಳಗಿದ ಜೋಸೆಫ್ ಸ್ವಿರ್ಬೆಲಿ ಎಂಬ ತರುಣ ಅಮೆರಿಕದಿಂದ ಅಲ್ಲಿಗೆ ಬಂದರು. ಉಳಿದಿದ್ದ ಹರಳುಗಳನ್ನು ಸೆಂಟ್ ಜ್ಯೋರ್ಜಿಯವರು ಅವರ ಕೈಗಿತ್ತರು. ಗಿನಿಪಿಗ್ ಎಂಬ ಸಣ್ಣ ಪ್ರಾಣಿ ಮನುಷ್ಯನಂತೆಯೇ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಸ್ವಿರ್ಬೆಲಿಯವರು ಈ ಪ್ರಾಣಿಗಳಿಗೆ ಬೇಯಿಸಿದ ಆಹಾರವನ್ನೇ ಕೊಟ್ಟರು. ಕೆಲವಕ್ಕೆ ಮಾತ್ರ ದಿನಕ್ಕೆ ಒಂದು ಮಿಲಿಗ್ರಾಂ ಹರಳನ್ನು ಸೇರಿಸಿ ಕೊಟ್ಟರು. ಹರಳು ತಿಂದವು ಆರೋಗ್ಯದಿಂದಿದ್ದವು; ಉಳಿದವುಗಳಿಗೆ ಸ್ಕರ್ವಿ ಬಡಿಯಿತು. ಹೆಕ್ಸುರೋನಿಕ್ ಆಮ್ಲವೇ ಸಿ ಜೀವಸತ್ವ ಎಂಬುದು ಖಚಿತವಾಯಿತು. ಸ್ಕರ್ವಿಯನ್ನು ತಡೆಯುವುದೆಂಬ ಅರ್ಥದಲ್ಲಿ ಅದಕ್ಕೆ ಆಸ್ಕಾರ್ಬಿಕ್ ಆಮ್ಲವೆಂಬ ಹೊಸ ಹೆಸರು ಬಂದಿತು. ಇದೇ ಫಲಿತಾಂಶವನ್ನು ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ಎಂಬುವರು 1932ರ ಏಪ್ರಿಲ್ ತಿಂಗಳಲ್ಲಿ ಎರಡು ವಾರ ಮೊದಲೇ ಪ್ರಕಟಿಸಿದ್ದರು. ಮೊದಲು ಕಂಡವರು ಯಾರೆಂಬ ವಾದ ಬಹುಕಾಲ ನಡೆಯಿತು.

ಹರಳುಗಳು ಮುಗಿದುಹೋಗಿದ್ದವು. ಕಿತ್ತಳೆ, ನಿಂಬೆಗಳಲ್ಲಿ ಜೀವಸತ್ವವಿದ್ದರೂ ಅವುಗಳ ಸಕ್ಕರೆಯಿಂದ ಅದನ್ನು ಬೇರ್ಪಡಿಸುವುದು ಕಷ್ಟವಾಗಿತ್ತು. ಒಂದು ರಾತ್ರಿ ಊಟಕ್ಕೆ ಮಡದಿ ಹಸಿಯ ಕೆಂಪು ಮೆಣಸಿನಕಾಯಿಯನ್ನು ಬಡಿಸಿದರು. ಸೆಗೆಡ್ ಪ್ರದೇಶ ಪಾಪ್ರಿಕಾ ಎಂಬ ಮೆಣಸಿಗೆ ಹೆಸರುವಾಸಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತೆ ಅದಕ್ಕೂ ಬಣ್ಣ ಹೆಚ್ಚು, ಖಾರ ಕಡಿಮೆ. ಅಂದು ಸೆಂಟ್ ಜ್ಯೋರ್ಜಿಯವರಿಗೆ ಅದನ್ನು ತಿನ್ನುವ ಮನಸ್ಸಿರಲಿಲ್ಲ. ಈ ಒಂದು ಕಾಯಿಯನ್ನು ತಾವು ಎಂದೂ ಪರೀಕ್ಷಿಸಿಲ್ಲವೆಂಬುದು ಥಟ್ಟನೆ ಹೊಳೆಯಿತು. ಊಟ ಬಿಟ್ಟೆದ್ದು ಕಾಯಿಯೊಂದಿಗೆ ಪ್ರಯೋಗಾಲಯಕ್ಕೆ ನಡೆದರು. ನಡುರಾತ್ರಿಯ ಹೊತ್ತಿಗೆ, ಅದು ಸಿ ಜೀವಸತ್ವದ ಭಂಡಾರವೆಂದು ಗೊತ್ತಾಯಿತು! ಒಂದು ವರ್ಷ ದುಡಿದು 25 ಗ್ರಾಂ ಪಡೆದಿದ್ದವರು ಕೆಲವೇ ವಾರಗಳಲ್ಲಿ ಒಂದು ಕಿಲೋಗ್ರಾಂಗಿಂತಲೂ ಹೆಚ್ಚನ್ನು ತಯಾರಿಸಿದರು. ಅದನ್ನು ಬಚ್ಚಿಟ್ಟುಕೊಳ್ಳದೆ, ಕೇಳಿದ ವಿಜ್ಞಾನಿಗಳಿಗೆಲ್ಲ ಹಂಚಿದರು. ಹೀಗೆ ಪಡೆದ ಹರಳುಗಳಿಂದಲೇ ಹಾವರ್ತರು 1933ರಲ್ಲಿ ಅದರ ರಚನೆಯನ್ನು ಬಿಡಿಸಿ ಹೇಳಿದರು. 1937ರಲ್ಲಿ ಸೆಂಟ್ ಜ್ಯೋರ್ಜಿಯವರಿಗೆ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷ ರಸಾಯನಶಾಸ್ತ್ರದ ಬಹುಮಾನದಲ್ಲಿ ಹಾವರ್ತರಿಗೂ ಪಾಲು ಸಿಕ್ಕಿತು.

ಮೆಣಸಿನಕಾಯಿ ಇನ್ನೊಂದು ಪಾಠವನ್ನೂ ಕಲಿಸಿತು. ಸೂಕ್ಷ್ಮ ರಕ್ತನಾಳಗಳಿಂದ ರಕ್ತ ಸೋರುವ ತೊಂದರೆಯಿದ್ದ ಕೆಲವು ರೋಗಿಗಳಿಗೆ ಶುದ್ಧ ಆಸ್ಕಾರ್ಬಿಕ್ ಆಮ್ಲದಿಂದ ಗುಣ ಕಾಣಲಿಲ್ಲ. ಅಷ್ಟಾಗಿ ಶುದ್ಧವಲ್ಲದ ಸಸ್ಯಸಾರದಿಂದ ಗುಣ ಕಂಡಿತು. ಸಾರದಲ್ಲಿ ಬೇರೆ ವಸ್ತುಗಳೂ ಇವೆಯೆಂದು ಅರಿತ ಅವರು 1936ರಲ್ಲಿ ಅವಕ್ಕೆ ಪಿ ಜೀವಸತ್ವವೆಂದು ಹೆಸರಿಟ್ಟರು. ಅವು ಫ್ಲೇವನಾಯ್ಡ್ ಎಂಬ ಜಾತಿಯ ಸಸ್ಯವಸ್ತುಗಳು. ಅವು ಜೀವಸತ್ವಗಳಲ್ಲವೆಂದು ಮುಂದೆ ತೀರ್ಮಾನವಾಗಿ ಆ ಹೆಸರು ಬಿದ್ದುಹೋಯಿತು. ಆದರೆ ಚಹದ ಎಲೆ, ಈರುಳ್ಳಿ, ಕಿತ್ತಳೆಯ ಸಿಪ್ಪೆ ಮೊದಲಾದವುಗಳಲ್ಲಿರುವ ಈ ವಸ್ತುಗಳ ಉತ್ಕರ್ಷಣ ನಿರೋಧಕ ಗುಣವನ್ನು ವಿಜ್ಞಾನಿಗಳು ಇಂದಿಗೂ ಅಧ್ಯಯನ ಮಾಡುತ್ತಿದ್ದಾರೆ.

ಸೆಂಟ್ ಜ್ಯೋರ್ಜಿಯವರು ಪ್ರಯೋಗಾಲಯದ ನಾಲ್ಕು ಗೋಡೆಗಳೊಳಗೆ ಉಳಿದವರಲ್ಲ. ಫಿನ್ಲೆಂಡಿನ ಮೇಲೆ ಸೋವಿಯತ್ ಸೈನ್ಯ ದಂಡೆತ್ತಿ ಬಂದಾಗ, ಆ ಸಣ್ಣ ದೇಶದ ನೆರವಿಗಾಗಿ ತಮ್ಮ ನೊಬೆಲ್ ಪದಕವನ್ನೇ 1940ರಲ್ಲಿ ಕೊಟ್ಟುಬಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಹಂಗೆರಿ ಜರ್ಮನಿಯ ಪಕ್ಷದಲ್ಲಿತ್ತು. ದೇಶವನ್ನು ಆ ಹಿಡಿತದಿಂದ ಬಿಡಿಸಬೇಕೆಂದು, 1943ರಲ್ಲಿ ಉಪನ್ಯಾಸದ ನೆವದಿಂದ ಇಸ್ತಾಂಬುಲಿಗೆ ಹೋಗಿ ಮಿತ್ರರಾಷ್ಟ್ರಗಳ ಪ್ರತಿನಿಧಿಗಳೊಂದಿಗೆ ಗುಟ್ಟಾಗಿ ಮಾತುಕತೆ ನಡೆಸಿದರು. ಗುಟ್ಟು ಜರ್ಮನರಿಗೆ ತಿಳಿಯಿತು. 1944ರಲ್ಲಿ ಜರ್ಮನ್ ಸೈನ್ಯ ಹಂಗೆರಿಯನ್ನು ಆಕ್ರಮಿಸಿದ ಮೇಲೆ ಗೆಸ್ಟಾಪೊ ಎಂಬ ಗುಪ್ತ ಪೊಲೀಸರು ಅವರ ಬೆನ್ನುಹತ್ತಿದರು. ಯುದ್ಧ ಮುಗಿಯುವವರೆಗೂ ಅವರು ತಲೆಮರೆಸಿಕೊಂಡು ಬದುಕಬೇಕಾಯಿತು.

1947ರಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋಗಿ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ನೆಲಸಿದರು. ಸ್ನಾಯುಗಳು ಹೇಗೆ ಸಂಕುಚಿಸುತ್ತವೆ ಎಂಬುದರ ಮೇಲೆ ಸೆಗೆಡ್ಡಿನಲ್ಲಿ ಆರಂಭಿಸಿದ ಮಹತ್ವದ ಕೆಲಸವನ್ನು ಅಲ್ಲಿ ಮುಂದುವರಿಸಿದರು. ಕೊನೆಯ ವರ್ಷಗಳನ್ನು ಕ್ಯಾನ್ಸರಿನ ಅಧ್ಯಯನಕ್ಕೆ ಮೀಸಲಿಟ್ಟರು. ಆ ವಿಚಾರಗಳಿಗೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಯುದ್ಧವನ್ನು ಕೊನೆಯವರೆಗೂ ವಿರೋಧಿಸಿದರು. 1986ರ ಅಕ್ಟೋಬರ್ 22ರಂದು, ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ಕಂಡ ಕಾವಲುಗಾರ ವಸ್ತುಗಳಿಗೆ ಇಂದು ಹೊಸ ಕೆಲಸ ದೊರೆತಿದೆ. ಬಹುದಿನ ಇಟ್ಟ ಚಕ್ಕುಲಿ, ಕೋಡುಬಳೆಗಳು ಕಮಟು ವಾಸನೆ ಹಿಡಿಯುವುದು ಎಲ್ಲರಿಗೂ ತಿಳಿದದ್ದೇ. ಎಣ್ಣೆಯೊಳಗೆ ನಡೆಯುವ ಉತ್ಕರ್ಷಣವೇ ಅದಕ್ಕೆ ಕಾರಣ. ಅದನ್ನು ತಡೆಯಲು ಕಾರ್ಖಾನೆಗಳು ಬಹುಕಾಲದಿಂದ ಕೃತಕ ರಾಸಾಯನಿಕಗಳನ್ನು ನಿಗದಿಯಾದ ಮಿತಿಯಲ್ಲಿ ಬಳಸುತ್ತ ಬಂದಿವೆ. ಅವುಗಳ ಬದಲು ಸಸ್ಯಸಾರಗಳನ್ನು ಬಳಸುವ ಯತ್ನ ಈಗ ಬಲಗೊಂಡಿದೆ. 2010ರಲ್ಲಿ ಐರೋಪ್ಯ ಒಕ್ಕೂಟವು ರೋಸ್‌ಮೇರಿ ಎಂಬ ಸುವಾಸನೆಯ ಗಿಡದ ಸಾರಕ್ಕೆ ಈ ಕೆಲಸಕ್ಕಾಗಿ ಮಾನ್ಯತೆ ನೀಡಿತು. ಆದರೆ ಲಿಂಡರನ್ನು ಕಾಡಿದ ತೊಡಕೇ ಇಲ್ಲಿಯೂ ಇದೆ. ಹೊರತೆಗೆದ ಸಾರವು ಗಾಳಿ, ಬೆಳಕು, ಬಿಸಿಗಳಿಗೆ ಸಿಕ್ಕಿ ತಾನೇ ಕೆಡುತ್ತದೆ. ಹಲವು ಸಾರಗಳು ಕಹಿಯೂ ಹೌದು.

ಇದಕ್ಕೆ ವಿಜ್ಞಾನಿಗಳು ಕಂಡ ಉಪಾಯ, ಸಾರದ ಒಂದೊಂದು ಹನಿಗೂ ಕವಚ ತೊಡಿಸುವುದು. ಗೋಂದು ಅಥವಾ ಪಿಷ್ಟದಿಂದ ಪಡೆದ ಪದಾರ್ಥವನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಸಸ್ಯಸಾರವನ್ನು ಬೆರೆಸಿ, ಬಿಸಿಗಾಳಿಯೊಳಕ್ಕೆ ತುಂತುರಾಗಿ ಚಿಮ್ಮಿಸುತ್ತಾರೆ. ಕ್ಷಣಮಾತ್ರದಲ್ಲಿ ನೀರು ಆರಿ, ಸಾರವನ್ನು ಒಳಗಿಟ್ಟುಕೊಂಡ ನುಣುಪಾದ ಪುಡಿ ಉದುರುತ್ತದೆ. ನೀರು ಬಲುಬೇಗ ಆವಿಯಾಗುವುದರಿಂದ ಹನಿ ತಂಪಾಗಿಯೇ ಇದ್ದು, ಸಾರ ಹೆಚ್ಚು ಕಾಯುವುದಿಲ್ಲ. ಈ ಪುಡಿಯನ್ನು ಆಹಾರಕ್ಕೆ ಬೆರೆಸಿದಾಗ ಸಾರವು ಮೆಲ್ಲಮೆಲ್ಲನೆ ಹೊರಬಂದು ತನ್ನ ಕೆಲಸ ಮಾಡುತ್ತದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ಈ ವಿಧಾನದ ಬಗ್ಗೆ ಸಂಶೋಧನೆ ನಡೆದಿದೆ. ಮುರುಗಲಿನ ಬಳಗಕ್ಕೆ ಸೇರಿದ ಹಣ್ಣಿನ ಸಾರವನ್ನು ಹೀಗೆ ಕವಚದೊಳಗೆ ಹುದುಗಿಸಿ ಬ್ರೆಡ್ಡಿಗೆ ಸೇರಿಸಿ ನೋಡಿದ್ದಾರೆ.

ಹೊಸದೆನಿಸುವ ಈ ಉಪಾಯ ಪ್ರಕೃತಿಗೆ ಹೊಸದಲ್ಲ. ಗೋಡೆಗಳನ್ನು ಕಟ್ಟಿ, ಕೆಡುವುದನ್ನೂ ಕೆಡಿಸುವುದನ್ನೂ ಬೇರೆಬೇರೆಯಾಗಿಟ್ಟು, ಆಲೂಗಡ್ಡೆಯ ಒಂದೊಂದು ಜೀವಕೋಶವೂ ಮಾಡುತ್ತಿರುವುದು ಅದನ್ನೇ. ಗೋಡೆ ಒಡೆದಾಗ ಏನಾಗುತ್ತದೆಂದು ಗ್ರೋನಿಂಗೆನ್ನಿನ ರಾತ್ರಿಗಳಲ್ಲಿ ಸೆಂಟ್ ಜ್ಯೋರ್ಜಿಯವರು ಎವೆಯಿಕ್ಕದೆ ನೋಡಿದ್ದರು. ಎಲ್ಲರೂ ಕಂಡದ್ದನ್ನೇ ಅವರೂ ಕಂಡರು. ಆದರೆ ಒಂದು ಸೆಕೆಂಡಿನ ವಿಳಂಬವನ್ನು ಕಡೆಗಣಿಸಲಿಲ್ಲ. ಅವರು ಗುರುತಿಸಿದ ವಸ್ತುವಿನ ಗುಣವೆಂದರೆ, ಹೊಡೆತವನ್ನು ತಾನು ತಾಳಿಕೊಂಡು ತನ್ನ ಸುತ್ತಲಿನದನ್ನು ಕಾಯುವುದು. ಕಷ್ಟಪಟ್ಟು ಗಳಿಸಿದ ಹರಳನ್ನೂ ಪದಕವನ್ನೂ ಪರರಿಗಿತ್ತು, ದೇಶಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟ ಅವರ ಬಾಳಿಗೂ ಆ ಮಾತು ಸಲ್ಲುತ್ತದೆ.